ಹಳ್ಳದ ಈಚೆ

“ಎಡಕ್ಕ ವಾಲಾಕತ್ತಾಳ, ಯಾರರ ಒಂದ ಕೈ ಕೊಡ್ರಿ ಇಲ್ಲೆ!” ಎಂದು ನೀಲಕಂಠಪ್ಪ ಕೂಗಿದ.

ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಅಕ್ಕನ ಭುಜವನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವನು ಮೊಣಕಾಲೂರಿ ನಿಂತಿದ್ದ. ನಸುಕಿನಲ್ಲಿ ಪೇಪರಿಗೆಂದು ಬಾಗಿಲು ತೆಗೆದ ದಾಕ್ಷಾಯಿಣಿ, ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ಕೂತವಳು, ಮತ್ತೆ ಏಳಲಿಲ್ಲ. ಈಗ ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆಯ ಹಾರ, ಬೆನ್ನಿಗೊಂದು ಹಲಗೆ. ಹಲಗೆಗೆ ಧೋತರದಿಂದ ಬಿಗಿದಿದ್ದರೂ ದೇಹ ತುಸು ಎಡಕ್ಕೆ, ಎದುರಿಗಿದ್ದವರ ಮಾತು ಕೇಳಲು ಬಾಗಿದ ಹಾಗೆ, ಜಾರುತ್ತಿತ್ತು.

“ಬಾಯಾರು ಕುಂದ್ರತಿದ್ದದ್ದ ಹಂಗ್ರಿ,” ಎಂದಳು ಬಾಳವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. ಹುಬ್ಬಳ್ಳಿ ನವನಗರದ ಈ ಮನೆಯ ಅಡುಗೆಯನ್ನೂ ಮನೆಯೊಡತಿಯನ್ನೂ ಬಹಳ ವರ್ಷಗಳಿಂದ ನೋಡಿಕೊಂಡವಳು ಅವಳು. “ಬಲಗಿವಿ ಮಂದ ಆಗಿತ್ತಲ್ರಿ. ಎಡಗಿವಿ ಮುಂದ ಮಾಡೇ ಕೇಳತಿದ್ರು.”

ಬಾಗಿಲಲ್ಲಿ ನಿಂತಿದ್ದ ಖಾಕಿ ಬಟ್ಟೆಯ ಎತ್ತರದ ಮನುಷ್ಯನೊಬ್ಬ ಬೂಟು ಕಳಚಿ ಒಳಗೆ ಬಂದ. ಧೋತರದ ಗಂಟು ಬಿಚ್ಚಿ, ಹೆಗಲ ಕೆಳಗಿಂದ ಸುತ್ತಿ ತಂದು, ಬೇರೊಂದು ಬಗೆಯ ಗಂಟು ಹಾಕಿದ. ದೇಹ ನೆಟ್ಟಗಾಯಿತು.

“ಇದು ಬಿಚ್ಚೂದಿಲ್ರಿ ಯಜಮಾನ್ರ. ಭಾವಿಗಿ ಇಳಿಯೂ ಮುಂದ ನಾವು ಇದನ್ನ ಹಾಕೂದು,” ಎಂದ. ಆಮೇಲೆ ದಾಕ್ಷಾಯಿಣಿಯ ಪಾದಕ್ಕೆ ಹಣೆ ಹಚ್ಚಿ, ಎದ್ದು ಹೋಗಿ ಅಂಗಳದ ಬೇವಿನ ಗಿಡದ ಕೆಳಗೆ ನಿಂತುಕೊಂಡ.

“ಯಾರವಾ ಅವರು?” ಎಂದು ನೀಲಕಂಠಪ್ಪ ಮಗಳನ್ನು ಕೇಳಿದ.

“ಶಶಿಕುಮಾರ ಅಂತ, ಅಪ್ಪಾ. ಫೈರ್ ಸ್ಟೇಶನ್ ಆಫೀಸರ್,” ಎಂದಳು ಆರತಿ. ಅವಳ ಕಣ್ಣು ಬೆಳಗಿನಿಂದ ಕೆಂಪಗೇ ಇದ್ದವು. ಸೋದರತ್ತೆಯ ಈ ಮನೆಯಲ್ಲಿದ್ದುಕೊಂಡೇ ಅವಳು ಕಾಲೇಜು ಮುಗಿಸಿದ್ದಳು.

ನೀಲಕಂಠಪ್ಪ ಧಾರವಾಡದಿಂದ ಪ್ರಾಧ್ಯಾಪಕರು ಬರುತ್ತಾರೆಂದು ಕಾಯುತ್ತಿದ್ದ. ಅವರೂ ಬಂದರು, ನಾಲ್ಕಾರು ಜನ, ಕನ್ನಡಕ ಒರೆಸಿಕೊಂಡು ಕುರ್ಚಿ ಹಿಡಿದರು. ಆದರೆ ಅವರಿಗಿಂತ ಮೊದಲು ಬಂದು ಅಂಗಳ, ಓಣಿ, ಎದುರು ಮನೆಯ ಕಟ್ಟೆ ಎಲ್ಲವನ್ನೂ ತುಂಬಿದವರು ಬೇರೆಯವರು. ಅವನು ಒಬ್ಬೊಬ್ಬರನ್ನೇ “ನೀವ ಯಾರ್ರಿ?” ಎಂದು ಕೇಳುತ್ತ ಹೋದ.

“ನಾ ಕರೆಂಟಿನಂವರಿ.”

“ನಾ ನೀರಿನ ಟ್ಯಾಂಕರಿನಂವರಿ.”

“ನಾ ದವಾಖಾನ್ಯಾಗ ನರ್ಸ್ ಇದ್ದೇನ್ರಿ, ರಾತ್ರಿ ಪಾಳಿ ಮುಗಿಸಿ ಹಂಗ ಬಂದೆ.”

“ಕ್ರೇನ್ ಹೊಡೀತೇನ್ರಿ, ತಾರಿಹಾಳದಾಗ.”

ಪಂಚಭೂತಗಳೇ ಬಂದು ಕಟ್ಟೆಯ ಮೇಲೆ ಕೂತ ಹಾಗಿತ್ತು. ಎಲ್ಲರೂ ಒಬ್ಬರಿಗೊಬ್ಬರು ಗುರುತಿನವರು. “ಏನವಾ, ತಾಯಿಗಿ ಆರಾಮ ಆತೇನು?” ಎಂದು ಲೈನಮನ್ನನು ನರ್ಸನ್ನು ಕೇಳಿದ್ದನ್ನೂ, ಅವಳು “ಹೂಂ ಅಣ್ಣಾ” ಎಂದದ್ದನ್ನೂ ಅವನು ಕೇಳಿಸಿಕೊಂಡ. ತನ್ನ ಅಕ್ಕನ ಸಾವಿನಲ್ಲಿ ತಾನೇ ಹೊರಗಿನವನಂತೆ ನಿಂತಿದ್ದ.

“ಇಷ್ಟು ಮಂದಿ ಬಂದಾರ, ಒಂದ ಕಪ್ಪ ಚಹಾ ಇಲ್ಲದ ಕುಂತಾರ,” ಎಂದು ಬಾಳವ್ವ ಅಡುಗೆಮನೆಯ ಬಾಗಿಲಲ್ಲಿ ಒದ್ದಾಡಿದಳು. “ಬಾಯಾರು ನೋಡಿದ್ರ ನನ್ನ ಬೈತಿದ್ರು.”

“ಸತ್ತ ಮನ್ಯಾಗ ಒಲಿ ಹಚ್ಚತಾರೇನು? ಸುಮ್ಮನ ಕುಂದ್ರು,” ಎಂದು ನೀಲಕಂಠಪ್ಪ ಗದರಿದ.

*

ಅಮರಗೋಳದ ಮಾರುಕಟ್ಟೆಯಲ್ಲಿ ಅವನದು ಹತ್ತಿಯ ದಲಾಲಿ ಅಂಗಡಿ. ಅಲ್ಲಿ ಯಾರಾದರೂ “ನಿಮ್ಮ ಅಕ್ಕಾರು ಯುನಿವರ್ಸಿಟ್ಯಾಗ ಏನ ಕಲಸ್ತಾರ್ರಿ?” ಎಂದು ಕೇಳಿದರೆ ನೀಲಕಂಠಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದ. ಕೇಳಿದವರಿಗೆ ಹೇಳುವುದಿರಲಿ, ಅವನಿಗೇ ಅದು ತಿಳಿದಿರಲಿಲ್ಲ.

ದಾಕ್ಷಾಯಿಣಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟ ವರ್ಷ, ಅವಳಿಗೆ ನೋಡಿದ ಮೂರನೆಯ ವರವೂ ತಿರುಗಿ ಹೋಗಿತ್ತು. ಅವಳೇ ತಿರುಗಿಸಿ ಕಳಿಸಿದ್ದಳು ಎಂದು ತಾಯಿ ಹೇಳುತ್ತಿದ್ದಳು. ಆಗ ಪ್ರಾಯದವನಿದ್ದ ನೀಲಕಂಠಪ್ಪ ಹಬ್ಬದ ಊಟಕ್ಕೆ ಕೂತಾಗ ಅಕ್ಕನನ್ನು ಕೆಣಕಿದ್ದ.

“ಏನರ ಅದು ನಿನ್ನ ವಿಷಯ?”

“ಬೆಂಕಿ ಬಿದ್ದಾಗ, ನೆರಿ ಬಂದಾಗ, ಮನಿ ಕುಸದಾಗ ಬ್ಯಾರೆ ಬ್ಯಾರೆ ಆಫೀಸಿನವರು ಹೆಂಗ ಕೂಡಿ ಕೆಲಸಾ ಮಾಡ್ತಾರ, ಯಾಕ ಕೂಡಿ ಮಾಡೂದಿಲ್ಲ ಅಂತ.”

“ಬೆಂಕಿ ಬಿದ್ದರ ನೀರ ಹಾಕಬೇಕು. ಅದಕ್ಕೇನ ಪಿಎಚ್‌ಡಿ?”

ಅವಳು ರೊಟ್ಟಿ ಮುರಿಯುತ್ತ ತಲೆಯೆತ್ತದೆ ಹೇಳಿದ್ದಳು. “ನೀರು ಯಾರು ತರತಾರ, ಬಕೀಟು ಯಾರದು, ಕೀಲಿ ಹಾಕಿದ ಬಾಗಲಾ ಯಾರು ತಗೀತಾರ, ಕರೆಂಟ್ ತಗದಾರಂತ ನೀರು ಹಾಕಾಂವಗ ಯಾರು ಹೇಳ್ತಾರ. ಅದಕ್ಕ ಪಿಎಚ್‌ಡಿ.”

ರಾಜ್ಯಶಾಸ್ತ್ರದವರು ಅದು ಸಮಾಜಶಾಸ್ತ್ರ ಎಂದರು. ಸಮಾಜಶಾಸ್ತ್ರದವರು ಅದು ಆಡಳಿತದವರ ತಲೆನೋವು ಎಂದರು. ಅವಳು ಇಬ್ಬರ ನಡುವಿನ ಒಂದು ಸಣ್ಣ ಕೋಣೆಯಲ್ಲಿ ಮೇಜು ಹಾಕಿಕೊಂಡು ಇಡೀ ವೃತ್ತಿಜೀವನ ಕಳೆದಳು. ಆದರೆ ಕೋಣೆಯಲ್ಲಿ ಕಾಣಿಸುತ್ತಿದ್ದದ್ದು ಕಡಿಮೆ. ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಅಗ್ನಿಶಾಮಕ ಠಾಣೆಯಲ್ಲಿ ಕೂರುತ್ತಿದ್ದಳು, ಪೊಲೀಸರ ವೈರ್‌ಲೆಸ್ ಕೋಣೆಯಲ್ಲಿ ಕೂರುತ್ತಿದ್ದಳು, ದವಾಖಾನೆಯ ಅಪಘಾತ ವಿಭಾಗದ ಬೆಂಚಿನ ಮೇಲೆ ರೋಗಿಗಳ ಸಂಬಂಧಿಕರ ನಡುವೆ ಕೂರುತ್ತಿದ್ದಳು. ಅನಾಹುತ ಮುಗಿದು ಪತ್ರಿಕೆಯವರೂ ಮಂತ್ರಿಗಳೂ ಹೋದ ಮೇಲೆ ಅವಳ ಕೆಲಸ ಶುರುವಾಗುತ್ತಿತ್ತು. ಒಬ್ಬೊಬ್ಬರನ್ನೇ ಕೇಳಿ, ದೊಡ್ಡ ಹಾಳೆಯ ಮೇಲೆ ಒಂದೊಂದು ಕಚೇರಿಗೂ ಒಂದು ಚುಕ್ಕಿ ಇಟ್ಟು, ಆ ದಿನ ಯಾರು ಯಾರೊಡನೆ ಮಾತಾಡಿದರೋ ಅವರ ನಡುವೆ ಗೆರೆ ಎಳೆಯುತ್ತಿದ್ದಳು.

“ರಂಗೋಲಿ ಹಾಕಾಕ ಸರಕಾರ ಪಗಾರ ಕೊಡ್ತೈತಿ ನಿನಗ,” ಎಂದು ನೀಲಕಂಠಪ್ಪ ನಕ್ಕಿದ್ದ.

“ರಂಗೋಲೀನ ಅನ್ನು,” ಎಂದಿದ್ದಳು ಅವಳು, ಹಾಳೆಯನ್ನು ಅವನ ಕಡೆ ತಿರುಗಿಸಿ. “ನೋಡಿಲ್ಲೆ. ಚುಕ್ಕಿ ಎಲ್ಲಾ ಅದಾವ. ಗೆರಿ ಇಲ್ಲ. ಗೆರಿ ಇಲ್ಲದ ಕಡೆ ಮಂದಿ ಸಾಯ್ತಾರ, ತಮ್ಮಾ.”

*

ಮಧ್ಯಾಹ್ನ ಸಮೀಪಿಸುತ್ತಿತ್ತು. ಹೇಳಿಟ್ಟಿದ್ದ ಶವದ ಗಾಡಿ ಬರಲಿಲ್ಲ. ಫೋನು ಮಾಡಿದರೆ, ದಾರಿಯಲ್ಲಿ ಕೆಟ್ಟು ನಿಂತಿದೆ ಎಂದರು. ಊರಿನಲ್ಲಿ ಅಣ್ಣತಮ್ಮಂದಿರು ಬೆಳಿಗ್ಗೆಯೇ ಕುಣಿ ತೋಡಿ, ಅಯ್ಯನವರಾದ ಶಿವಯೋಗೀಶರನ್ನು ಕರೆಸಿ ಕಾಯುತ್ತಿದ್ದರು. ಬೆಣ್ಣಿಹಳ್ಳದ ಆಚೆ ಅವರ ಊರು. ಹಳ್ಳದ ದಂಡೆಗೆ ಹತ್ತಿದ ಹೊಲದಲ್ಲಿ ಅಪ್ಪ ಅವ್ವನ ಸಮಾಧಿ.

ಅಲ್ಲಿಗೇ ಒಯ್ಯಬೇಕು ಎಂಬುದರಲ್ಲಿ ನೀಲಕಂಠಪ್ಪನಿಗೆ ಎರಡು ಮಾತಿರಲಿಲ್ಲ. ಲಗ್ನವಾಗದ ಹೆಣ್ಣುಮಗಳಿಗೆ ಮನೆತನದ ಹೊಲದಲ್ಲಿ ಜಾಗ ಯಾಕೆ ಎಂದು ಹಿಂದೆ ಯಾರೋ ಅಂದಿದ್ದರು. ಆ ಮಾತು ಕಿವಿಗೆ ಬಿದ್ದಿದ್ದ ತಾಯಿ, ಹಾಸಿಗೆ ಹಿಡಿದಾಗ ಮಗನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. “ದಾಕ್ಷಾಯಿಣೀನ್ನ ನನ್ನ ಮಗ್ಗಲಾಗ ಇಡು.” ಅದೊಂದೇ ಮಾತು ಅವಳು ಅವನಿಂದ ಬೇಡಿದ್ದು.

“ಸಾವಕಾರ್ರ, ನಮ್ಮ ಗಾಡಿ ಐತ್ರಿ,” ಎಂದು ಗೇಟಿನ ಕಡೆಯಿಂದ ಒಬ್ಬ ಬಂದ. ಐವತ್ತರ ಅಂಚಿನ, ಗಟ್ಟಿ ಮೈಯ, ಕುರುಚಲು ಗಡ್ಡದ ಮನುಷ್ಯ. “ನಾ ರಿಯಾಜ. ಹಳೇ ಹುಬ್ಬಳ್ಳಿಯಂವ. ನಮ್ಮ ಹುಡುಗರ ಸಂಘದ ಅಂಬ್ಯುಲನ್ಸ್ ಓಣ್ಯಾಗ ನಿಂತೈತಿ. ಬೆಳಿಗ್ಗೆನ ತೊಳದೇನ್ರಿ. ಮೇಡಂಗ ನಾನ ಕರಕೊಂಡ ಹೋಗ್ತೇನಿ.”

ನೀಲಕಂಠಪ್ಪ ಹೂಂ ಎನ್ನುವಷ್ಟರಲ್ಲಿ ಬೇವಿನ ಗಿಡದ ಕೆಳಗಿದ್ದ ಶಶಿಕುಮಾರ ಮುಂದೆ ಬಂದ. “ಮುಂದ ನನ್ನ ಜೀಪು ಇರ್ತೈತಿ, ಯಜಮಾನ್ರ. ದಾರಿ ಬಿಡಸ್ತೇನಿ.”

ಇಬ್ಬರೂ ನೀಲಕಂಠಪ್ಪನ ಮುಖ ನೋಡಿ ಮಾತಾಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರತಿ ತಂದೆಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ಅಪ್ಪಾ, ಅವರಿಬ್ಬರನ್ನ ಒಂದ ಗಾಡ್ಯಾಗ ಮಾತ್ರ ಕುಂದ್ರಸಬ್ಯಾಡ. ನಿನಗ ನೆನಪಿಲ್ಲೇನು, ಆ ಚಹಾದ ದಿನಾ?”

*

ನೀಲಕಂಠಪ್ಪನಿಗೆ ನೆನಪಾಯಿತು.

ತಾರಿಹಾಳದ ಒಂದು ಕಾರ್ಖಾನೆಯ ಮಾಳಿಗೆ ಕುಸಿದು ಕೆಲವು ವರ್ಷಗಳಾಗಿದ್ದವು. ಕುಸಿದಾಗ ಮೊದಲು ಓಡಿ ಬಂದವರು ಸುತ್ತಲಿನ ಗ್ಯಾರೇಜುಗಳ ಹುಡುಗರು, ಅವರ ಮುಂದೆ ರಿಯಾಜ. ಅವನ ಅಕ್ಕ ಶಮೀಮಳ ಮಗ ಸಲ್ಮಾನ ಒಳಗಿದ್ದ. ಸಲ್ಮಾನನ ದನಿ ಕೇಳಿಸುತ್ತಿತ್ತು. ಕೈಯಿಂದ, ಸಲಾಕೆಯಿಂದ ಅವರು ತೋಡತೊಡಗಿದರು. ಅಷ್ಟರಲ್ಲಿ ಶಶಿಕುಮಾರ ತನ್ನ ತಂಡದೊಡನೆ ಬಂದ. ಮೇಲೆ ಅರ್ಧ ಮಾಳಿಗೆ ಇನ್ನೂ ಜೋತಾಡುತ್ತಿತ್ತು. ಅವನು ಸೀಟಿ ಊದಿ ಎಲ್ಲರನ್ನೂ ಹೊರಗೆ ಎಳೆಸಿದ. ರಿಯಾಜನನ್ನು ಮೂವರು ಹಿಡಿದು ತರಬೇಕಾಯಿತು. ಅವರು ಹೊರಬಂದ ತುಸು ಹೊತ್ತಿಗೆ ಆ ಮಾಳಿಗೆ ಬಿತ್ತು. ಕ್ರೇನು ಬಂದು ಅದನ್ನು ಎತ್ತುವಷ್ಟರಲ್ಲಿ ಸಲ್ಮಾನನ ದನಿ ನಿಂತಿತ್ತು.

“ಇನ್ನೊಂದ ಸ್ವಲ್ಪ ತೋಡಿದ್ರ ನನ್ನ ಅಳಿಯಾ ಬದುಕತಿದ್ದ,” ಎಂದು ರಿಯಾಜ ಎಲ್ಲರೆದುರು ಹೇಳಿದ.

“ಇನ್ನೊಂದ ಸ್ವಲ್ಪ ತೋಡಿದ್ರ ಅಷ್ಟೂ ಮಂದಿ ಹೋಗತಿದ್ರು,” ಎಂದು ಶಶಿಕುಮಾರ ಹೇಳಿದ.

ದಾಕ್ಷಾಯಿಣಿ ಇಬ್ಬರ ಮಾತನ್ನೂ ಎಡಗಿವಿಯಲ್ಲಿ ಕೇಳಿಸಿಕೊಂಡು ಬಂದು, ತಮ್ಮನ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಉಣ್ಣದೆ ಕೂತಿದ್ದಳು. “ಇಬ್ಬರದೂ ಖರೇ ಐತಿ, ತಮ್ಮಾ. ಅದ ತ್ರಾಸು. ಇಬ್ಬರೂ ಒಬ್ಬರ ಮುಖಾ ಒಬ್ಬರು ನೋಡಿದ್ದು ಆವತ್ತ ಮೊದಲು. ಗುರ್ತ ಇಲ್ಲದಾಂವ ಬಂದು ಸೀಟಿ ಊದಿದ್ರ ಅಳಿಯನ ದನಿ ಬಿಟ್ಟು ಯಾರು ಹೊರಗ ಬರ್ತಾರ?”

ಆ ಕುಸಿತದ ಮೇಲೆ ಅವಳು ಬರೆದ ಪ್ರಬಂಧ ಎಲ್ಲೆಲ್ಲಿಯೋ ಅಚ್ಚಾಯಿತು. ಹೊರದೇಶದ ಸಭೆಯೊಂದಕ್ಕೆ ಅವಳನ್ನು ಕರೆದರು. ತಿರುಗಿ ಬಂದ ಮೇಲೆ ಅವಳು ಮನೆಯಲ್ಲಿ ತಿಂಗಳಿಗೊಮ್ಮೆ ಚಹಾ ಕೂಟ ಶುರು ಮಾಡಿದಳು. ಭಾಷಣವಿಲ್ಲ, ವರದಿಯಿಲ್ಲ. ಲೈನಮನ್ನು, ನರ್ಸು, ಕ್ರೇನಿನವನು, ಪೇದೆ ಎಲ್ಲ ಬಂದು ಕೂತು, ಬಾಳವ್ವನ ಚುರಮುರಿ ತಿಂದು, ಮಕ್ಕಳ ಸಾಲೆಯ ಮಾತಾಡಿ ಹೋಗಬೇಕು, ಅಷ್ಟೇ. “ಇಷ್ಟು ವರ್ಷ ಓದಿ ಕಂಡ ಹಿಡದದ್ದು ಇದನ್ನೇನು? ಚಹಾ ಕುಡೀರಿ ಅಂತ?” ಎಂದು ನೀಲಕಂಠಪ್ಪ ಛೇಡಿಸಿದರೆ, “ಹೂಂ. ಸಕ್ಕರಿ ಎಷ್ಟ ಹಾಕಬೇಕಂತ ಮಾತ್ರ ಇನ್ನೂ ತಿಳದಿಲ್ಲ,” ಎನ್ನುತ್ತಿದ್ದಳು.

ಶಶಿಕುಮಾರನೂ ಬರುತ್ತಿದ್ದ, ರಿಯಾಜನೂ ಬರುತ್ತಿದ್ದ. ಆದರೆ ಒಬ್ಬ ಬರುವ ದಿನ ಇನ್ನೊಬ್ಬ ಬರುತ್ತಿರಲಿಲ್ಲ. ಒಂದು ಸಲ ಅವಳು ಇಬ್ಬರಿಗೂ ಗೊತ್ತಿಲ್ಲದ ಹಾಗೆ ಒಂದೇ ದಿನ ಕರೆದಳು. ಆ ದಿನ ನೀಲಕಂಠಪ್ಪ ಜೋಳದ ಚೀಲ ಇಳಿಸಲು ಅಲ್ಲಿಗೆ ಹೋಗಿದ್ದ. ಚಹಾದ ಕಪ್ಪು ಎತ್ತಿದ್ದ ರಿಯಾಜ, ಬಾಗಿಲಲ್ಲಿ ಶಶಿಕುಮಾರನನ್ನು ಕಂಡು, ಕಪ್ಪನ್ನು ಸದ್ದಾಗದ ಹಾಗೆ ಕೆಳಗಿಟ್ಟು, “ಮಾಫ ಮಾಡ್ರಿ ಮೇಡಂ” ಎಂದು ಹಿತ್ತಲ ಬಾಗಿಲಿನಿಂದ ಹೋಗಿದ್ದ. ಶಶಿಕುಮಾರನೂ ಹೊಸ್ತಿಲು ದಾಟದೆ ಹಿಂದಿರುಗಿದ್ದ. ದಾಕ್ಷಾಯಿಣಿ ಎರಡೂ ಕಪ್ಪುಗಳನ್ನು ತನ್ನ ಮುಂದೆ ಇಟ್ಟುಕೊಂಡು, ಆರಿದ ಚಹಾವನ್ನು ಒಂದರ ಮೇಲೊಂದು ಕುಡಿದಿದ್ದಳು.

“ಜಗತ್ತಿಗೆಲ್ಲಾ ಹೇಳಿ ಬಂದೆ, ನೀಲೂ,” ಎಂದಿದ್ದಳು. “ನನ್ನ ಪಡಸಾಲ್ಯಾಗ ಇಬ್ಬರನ್ನ ಕುಂದ್ರಸೂದು ಆಗಲಿಲ್ಲ ನೋಡು.”

ಸಣ್ಣಂದಿನ ಹೆಸರಿನಿಂದ ಅವಳು ಅವನನ್ನು ಕರೆಯುತ್ತಿದ್ದದ್ದು ಅಪರೂಪ.

*

ಅಂಬ್ಯುಲನ್ಸ್ ಕುಸುಗಲ್ ದಾಟುವಾಗ ದೂರದಲ್ಲಿ ಮೋಡ ಕಪ್ಪಗೆ ನಿಂತಿತ್ತು. ಮೇಲಿನ ಊರುಗಳಲ್ಲಿ ಹಿಂದಿನ ದಿನ ಜೋರು ಮಳೆಯಾಗಿತ್ತಂತೆ. ಹಿಂದೆ ಆರತಿ ಮತ್ತು ಬಾಳವ್ವ ಕೂಡಿಸಿದ ದೇಹವನ್ನು ಎರಡೂ ಕಡೆಯಿಂದ ಆತುಕೊಂಡಿದ್ದರು. ನೀಲಕಂಠಪ್ಪ ರಿಯಾಜನ ಪಕ್ಕದಲ್ಲಿ ಕೂತಿದ್ದ. ಮುಂದೆ ಶಶಿಕುಮಾರನ ಕೆಂಪು ಜೀಪು, ಹಿಂದೆ ಸಾಲುಗಟ್ಟಿದ ಗಾಡಿಗಳು.

“ಸಲ್ಮಾನ ಹೋದಾಗ ಭಾಳ ಮಂದಿ ಬಂದ್ರು ನಮ್ಮ ಮನೀಗಿ,” ಎಂದ ರಿಯಾಜ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. “ಟಿವಿಯವರು ಬಂದ್ರು. ಎಲ್ಲಾರೂ ಕೇಳಾವ್ರ. ಮೇಡಂ ಬಂದ್ರು, ಏನೂ ಕೇಳಲಿಲ್ಲ. ನಮ್ಮ ಅಕ್ಕನ ಮಗ್ಗಲಕ್ಕ ಕುಂತು ಬೆಳ್ಳೊಳ್ಳಿ ಸುಲದು ಕೊಟ್ಟು ಹೋದ್ರು. ಮತ್ತ ಬಂದ್ರು, ಮತ್ತ ಸುಲದ್ರು. ತಿಂಗಳಾನಗಟ್ಟಲೆ. ಒಂದ ದಿನಾ ಅಕ್ಕನ ತಾನಾಗೇ ಎಲ್ಲಾ ಹೇಳಿದ್ಲು, ಸಾವಕಾರ್ರ. ನನಗೂ ಹೇಳಿರಲಿಲ್ಲ ಆಕಿ ಅಷ್ಟು.”

ನೀಲಕಂಠಪ್ಪನಿಗೆ ಅಕ್ಕ ತನ್ನ ಮನೆಯಲ್ಲಿ ಒಂದು ಬೆಳ್ಳುಳ್ಳಿಯನ್ನೂ ಸುಲಿದ ನೆನಪಿರಲಿಲ್ಲ. ಅವನು ಕಿಟಕಿಯ ಹೊರಗೆ ನೋಡಿದ. ಹತ್ತಿಯ ಹೊಲಗಳಲ್ಲಿ ನೀರು ನಿಂತಿತ್ತು.

ಜೀಪು ನಿಂತಿತು. ಅದರ ಹಿಂದೆ ಎಲ್ಲ ನಿಂತವು.

ಬೆಣ್ಣಿಹಳ್ಳ ಬಂದಿತ್ತು. ತಗ್ಗಿನ ಸೇತುವೆಯ ಮೇಲೆ ಎರೆಮಣ್ಣಿನ ಬಣ್ಣದ ನೀರು ಸುಳಿ ಸುತ್ತುತ್ತ ಹರಿಯುತ್ತಿತ್ತು. ಅಂಚಿನ ಕಲ್ಲುಗಂಬಗಳ ತಲೆಯಷ್ಟೇ ಕಾಣುತ್ತಿತ್ತು. ಆಚೆ ದಂಡೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಊರಿನ ಜನ ಗುಂಪಾಗಿ ನಿಂತಿದ್ದರು. ಅವರ ಹಿಂದೆ ಹೊಲ, ಅಪ್ಪ ಅವ್ವನ ಸಮಾಧಿಯ ಕಟ್ಟೆ, ಪಕ್ಕದಲ್ಲಿ ಹೊಸದಾಗಿ ತೋಡಿದ ಕಪ್ಪು ಮಣ್ಣಿನ ಗುಡ್ಡೆ.

ನೀಲಕಂಠಪ್ಪ ಇಳಿದು ನೀರಿನ ಅಂಚಿಗೆ ನಡೆದ. ದಂಡೆಯ ಮೇಲೆ ಒಬ್ಬ ರೈತ ನಿಂತಿದ್ದ. ಈಚೆ ದಂಡೆಯ ಹೊಲದ ಒಡೆಯ ಗುರುಪಾದ.

“ಬೆಳಿಗ್ಗೆ ಒಂದ ಟ್ರ್ಯಾಕ್ಟರ್ ದಾಟೇತ್ರಿ,” ಎಂದ ಗುರುಪಾದ. “ಆಮ್ಯಾಲ ನೀರು ಏರೇತಿ. ಇಳಿಯೂದು ನಾಳೇನೋ ನಾಡದ್ದೋ.”

“ಟ್ರ್ಯಾಕ್ಟರ್ ದಾಟೇತಿ ಅಂದ್ರ ನಮ್ಮದೂ ದಾಟತೈತಿ,” ಎಂದ ನೀಲಕಂಠಪ್ಪ. “ರಿಯಾಜ, ನಡೀಪಾ. ನಿಧಾನಕ ಬಿಡು.”

“ದಾಟೂದಿಲ್ರಿ ಯಜಮಾನ್ರ,” ಎಂದು ಶಶಿಕುಮಾರ ಅಡ್ಡ ಬಂದ. “ಸೇತುವಿ ಕೆಳಗ ಕೊರದಿರತೈತಿ. ಮ್ಯಾಲಿಂದ ಕಾಣೂದಿಲ್ಲ.”

ರಿಯಾಜ ಗಾಡಿಯಿಂದ ಇಳಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಶಶಿಕುಮಾರನ ಮುಖ ನೋಡಿ ಮಾತಾಡಿದ.

“ಆವತ್ತೂ ನೀವು ಹಿಂಗ ಅಂದ್ರಿ.”

“ಅಂದೆ,” ಎಂದ ಶಶಿಕುಮಾರ. “ಆವತ್ತಿನಿಂದ ದಿನಾ ಅನಕೋತೇನಿ. ಅಂದದ್ದು ಬರೋಬರಿ ಇತ್ತೋ ಇಲ್ಲೋ ಅಂತ. ಸಲ್ಮಾನನ ದನಿ ನಾನೂ ಕೇಳೇನಿ, ರಿಯಾಜಭಾಯಿ.”

ರಿಯಾಜ ಗುರುಪಾದನ ಕೈಯಲ್ಲಿದ್ದ ಉದ್ದನೆಯ ಕೋಲು ಇಸಿದುಕೊಂಡು, ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ನೀರಿಗಿಳಿದ. ಕೋಲು ಊರುತ್ತ ಮೊದಲನೆಯ ಕಲ್ಲುಗಂಬದವರೆಗೆ ಹೋದ. ಅದರಾಚೆ ಕೋಲು ಊರಿದ. ಕೋಲು ನೆಲ ಮುಟ್ಟದೆ ಸರ್ರನೆ ಇಳಿದು, ಅವನ ಕೈಯಿಂದ ಕಿತ್ತುಕೊಂಡು ನೀರಿನ ಪಾಲಾಯಿತು. ಅವನು ವಾಲಿದ. ಶಶಿಕುಮಾರ ಬೂಟು ಸಮೇತ ನೀರಿಗೆ ಧುಮುಕಿ ಅವನ ರಟ್ಟೆ ಹಿಡಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ದಂಡೆಗೆ ಬಂದರು.

ರಿಯಾಜ ಉಸಿರು ಸುಧಾರಿಸಿಕೊಂಡ. ಆಮೇಲೆ ಜೇಬಿನಿಂದ ಗಾಡಿಯ ಕೀಲಿಕೈ ತೆಗೆದು ಶಶಿಕುಮಾರನ ಅಂಗೈಯಲ್ಲಿ ಇಟ್ಟ.

“ನೀವ ಇಟಗೋರಿ, ಸಾಹೇಬ್ರ. ಸಾವಕಾರ್ರು ಇನ್ನೊಂದ ಸಲಾ ಅಂದ್ರ, ಮೇಡಂ ಸಲುವಾಗಿ ನಾ ಹೊಡದಬಿಡ್ತೇನಿ.”

ಶಶಿಕುಮಾರ ಕೀಲಿಕೈ ಮುಚ್ಚಿ ಹಿಡಿದುಕೊಂಡ. ಇಬ್ಬರೂ ಒದ್ದೆ ಬಟ್ಟೆಯಲ್ಲಿ, ಹೆಗಲಿಗೆ ಹೆಗಲು ತಾಗಿಸಿ, ನೀಲಕಂಠಪ್ಪನಿಗೂ ಹಳ್ಳಕ್ಕೂ ನಡುವೆ ನಿಂತರು.

ನೀಲಕಂಠಪ್ಪನಿಗೆ ಬೆಳಗಿನಿಂದ ಕಟ್ಟಿ ಇಟ್ಟದ್ದೆಲ್ಲ ಒಮ್ಮೆಲೇ ಒಡೆಯಿತು. “ನಮ್ಮವ್ವಗ ಮಾತ ಕೊಟ್ಟೇನ್ರೋ ನಾನು! ಕುಣಿ ತೋಡಿ ಕುಂತಾರ ಅಲ್ಲೆ! ನಿಮ್ಮಿಬ್ಬರನ್ನ ಕೂಡಸಾಕ ಆಕಿ ಎಷ್ಟ ವರ್ಷ ಒದ್ದಾಡಿದ್ಲು, ಆರಿದ ಚಹಾ ಕುಡದ್ಲು! ಆವಾಗ ಕೂಡಲಿಲ್ಲ, ಇವತ್ತ ಕೂಡೀರಿ! ಅದೂ ಯಾತಕ್ಕ? ನನಗ ಅಡ್ಡ ನಿಂದರಾಕ!”

ಗಾಡಿಯ ಬಾಗಿಲಲ್ಲಿ ನಿಂತಿದ್ದ ಆರತಿಗೆ ಒಮ್ಮೆಲೇ ನಗು ಬಂತು. ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡಳು, ತಡೆಯಲಾಗಲಿಲ್ಲ. ನಗುತ್ತಲೇ ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. “ಅಪ್ಪಾ,” ಎಂದಳು, “ಅತ್ತಿ ಇದನ್ನ ನೋಡಿದ್ರ ಊಟಾ ಬಿಟ್ಟು ಬರಕೊಳ್ಳಾಕ ಕುಂದ್ರತಿದ್ಲು ನೋಡು.”

ಬಾಳವ್ವನೂ ನಕ್ಕಳು. ಲೈನಮನ್ನನು ಮುಖ ತಿರುಗಿಸಿಕೊಂಡು ಹೆಗಲು ಕುಲುಕಿಸುತ್ತ ನಕ್ಕ. ನೀಲಕಂಠಪ್ಪ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಅವನು ಅಲ್ಲಿಯೇ ಬದುವಿನ ಮೇಲೆ ಕುಕ್ಕರಿಸಿ, ರುಮಾಲಿನಲ್ಲಿ ಮುಖ ಮುಚ್ಚಿಕೊಂಡು, ಅಕ್ಕ ಸತ್ತ ಮೇಲೆ ಮೊದಲ ಸಲ, ದನಿ ತೆಗೆದು ಅತ್ತ.

ಗುರುಪಾದ ಅವನ ಪಕ್ಕದಲ್ಲಿ ಬಂದು ಕೂತ. ಸ್ವಲ್ಪ ಹೊತ್ತು ಅಳಲು ಬಿಟ್ಟ.

“ಅಕ್ಕಾರು ಹೋದ ವರ್ಷ ನಮ್ಮ ಹೊಲಕ್ಕ ಬಂದಿದ್ರು, ಯಜಮಾನ್ರ,” ಎಂದ. “ಹಳ್ಳ ಬರತೈತಿ ಅಂತ ನಿಮಗ ಯಾರು ಹೇಳ್ತಾರ, ನೀವು ಯಾರಿಗೆ ಹೇಳ್ತೀರಿ ಅಂತ ಕೇಳಿದ್ರು. ನನಗ ಯಾರೂ ಹೇಳೂದಿಲ್ಲ, ನಾ ಆಚಿ ದಂಡೀಗಿ ಕೂಗಿ ಹೇಳ್ತೇನಿ ಅಂದೆ. ಹಂಗಾದ್ರ ನಿಮಗೂ ಒಬ್ಬರು ಬೇಕಲ್ರಿ ಅಂದ್ರು. ಈಗ ಮ್ಯಾಲಿನ ಊರಾಗಿನ ಒಬ್ಬಾಂವ ನನಗ ಫೋನ ಮಾಡ್ತಾನ. ಆಂವನ ನಂಬರ್ ಅಕ್ಕಾರ ತಂದ ಕೊಟ್ಟದ್ದು.” ಅವನು ಹಿಂದೆ ತಿರುಗಿ ತನ್ನ ಹೊಲ ತೋರಿಸಿದ. ಹಳ್ಳಕ್ಕಿಂತ ಎತ್ತರದ ಮೂಲೆಯಲ್ಲಿ ಬನ್ನಿಯ ಗಿಡವೊಂದಿತ್ತು. “ಅಲ್ಲೆ ನೀರು ಎಂದೂ ಬಂದಿಲ್ಲ. ಅಲ್ಲಿಂದ ನಿಮ್ಮ ಅವ್ವಾರ ಸಮಾಧಿ ನೆಟ್ಟಗ ಕಾಣತೈತಿ. ನಡುವ ಹಳ್ಳ ಒಂದ ಐತಿ, ಅಷ್ಟ. ಮಗ್ಗಲಾ ಅಂದ್ರ ಅದೂ ಮಗ್ಗಲಾನ.”

ನೀಲಕಂಠಪ್ಪ ಬಹಳ ಹೊತ್ತು ಆ ಬನ್ನಿಯ ಗಿಡವನ್ನು ನೋಡಿದ. ಆಮೇಲೆ ಎದ್ದು, ರುಮಾಲು ಕೊಡವಿ, “ಗುದ್ದಲಿ ಅದಾವೇನ್ರಿ?” ಎಂದು ಕೇಳಿದ.

ಗುದ್ದಲಿಗಳಿದ್ದವು. ಜೀಪಿನಲ್ಲಿ ಸಲಾಕೆಗಳೂ ಇದ್ದವು. ಮಳೆ ಕುಡಿದ ಎರೆಮಣ್ಣು ಗುದ್ದಲಿಗೆ ಅಂಟಿಕೊಳ್ಳುತ್ತಿತ್ತು. ಒಬ್ಬರು ಅಗೆದರೆ ಇನ್ನೊಬ್ಬರು ಕೆರೆದು ಕೊಡಬೇಕು. ರಿಯಾಜ ಅಗೆದ, ಶಶಿಕುಮಾರ ಕೆರೆದ. ಆಮೇಲೆ ಶಶಿಕುಮಾರ ಅಗೆದ, ರಿಯಾಜ ಕೆರೆದ. ಕ್ರೇನಿನವನು, ಲೈನಮನ್ನು ಸರದಿ ಹಿಡಿದರು. ಧಾರವಾಡದ ಪ್ರಾಧ್ಯಾಪಕರೊಬ್ಬರು ಅಂಗಿಯ ತೋಳು ಮಡಚಿ ಕುಣಿಗೆ ಇಳಿದು, ಎರಡೇ ಏಟಿಗೆ ದಣಿದು, ಎಲ್ಲರ ಕೈ ಹಿಡಿದು ಮೇಲೆ ಬಂದರು. ಕುಣಿಯ ಒಳಗೋಡೆಯಲ್ಲಿ ದೇಹ ಕೂಡಿಸುವ ಗೂಡನ್ನು ಗುರುಪಾದನೇ ಕೊರೆದ.

ಮಂತ್ರ ಹೇಳಬೇಕಾದ ಅಯ್ಯನವರು ಆಚೆ ದಂಡೆಯಲ್ಲಿದ್ದರು. ಆರತಿ ಫೋನು ಹಚ್ಚಿದಳು. ನಾಲ್ಕು ಮಾತಾಗುವಷ್ಟರಲ್ಲಿ ಫೋನು ತುಂಡಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಆಗ ಶಿವಯೋಗೀಶರು ನೀರಿನ ಅಂಚಿನವರೆಗೆ ಬಂದು, ಎರಡೂ ಕೈ ಬಾಯಿಗೆ ಹಿಡಿದು, ಗಟ್ಟಿ ದನಿಯಲ್ಲಿ ಕೂಗಿದರು. “ವಿಭೂತಿ ಹಚ್ರಿ!” ಈ ದಂಡೆಯಲ್ಲಿ ಗುರುಪಾದ ಕೇಳಿಸಿಕೊಂಡು ಕುಣಿಯ ಕಡೆ ಕೂಗಿದ. ಇಲ್ಲಿ ವಿಭೂತಿ ಹಚ್ಚಿದರು. “ಪತ್ರಿ ಏರಸ್ರಿ!” ಇಲ್ಲಿ ಬಿಲ್ವಪತ್ರಿ ಏರಿಸಿದರು. ಮಂತ್ರ ಒಂದೊಂದೇ ತುಣುಕಾಗಿ ನೀರಿನ ಮೇಲಿಂದ ಬಂತು. ಕೆಲವು ಅಕ್ಷರಗಳನ್ನು ಗಾಳಿ ಒಯ್ದಿತು, ಉಳಿದವು ಬಂದು ಮುಟ್ಟಿದವು.

ದಾಕ್ಷಾಯಿಣಿಯನ್ನು ಇಳಿಸುವಾಗ ಕೆಳಗೆ ರಿಯಾಜ, ಮೇಲೆ ಶಶಿಕುಮಾರ, ನಡುವೆ ನೀಲಕಂಠಪ್ಪ. ಗೂಡಿನಲ್ಲಿ ಕೂಡಿಸಿದರು, ಹಳ್ಳದ ಕಡೆ, ತಾಯಿಯ ಕಡೆ ಮುಖ ಮಾಡಿ. ಧೋತರದ ಗಂಟನ್ನು ಶಶಿಕುಮಾರ ಬಿಚ್ಚಲು ಹೋದ.

“ಇರಲಿ ಬಿಡ್ರಿ,” ಎಂದ ನೀಲಕಂಠಪ್ಪ.

ಮಣ್ಣು ಕೊಡುವ ಹೊತ್ತಾಯಿತು. ಮೊದಲ ಹಿಡಿ ತಮ್ಮನದು. ಅವನು ಬಾಗಿ, ಅಂಟುವ ಕಪ್ಪು ಮಣ್ಣನ್ನು ಮುಷ್ಟಿ ತುಂಬ ತೆಗೆದುಕೊಂಡು, ಒಮ್ಮೆ ಆಚೆ ನೋಡಿದ.

ಆಚೆ ದಂಡೆಯ ಗುಂಪು ಹೊಲಕ್ಕೆ ಹಿಂದಿರುಗಿತ್ತು. ಬೆಳಿಗ್ಗೆ ತಾವು ತೋಡಿದ್ದ ಬರಿ ಕುಣಿಯ ಸುತ್ತ ಅವರು ಸಾಲಾಗಿ ನಿಂತಿದ್ದರು, ಗಂಡಸರು, ಸೆರಗು ಹೊದ್ದ ಹೆಂಗಸರು, ಎತ್ತರದ ಶಿವಯೋಗೀಶರು. ಪ್ರತಿಯೊಬ್ಬರೂ ಮಣ್ಣು ತುಂಬಿದ ಒಂದು ಮುಷ್ಟಿಯನ್ನು ಮುಂದೆ ಚಾಚಿದ್ದರು. ಯಾರೂ ಅಲುಗುತ್ತಿರಲಿಲ್ಲ. ಎಲ್ಲರ ಮುಖವೂ ಈಚೆ, ಇವನ ಕೈಯ ಕಡೆ ಇತ್ತು.

ನೀಲಕಂಠಪ್ಪ ಬೆರಳು ಸಡಿಲಿಸಿದ. ಹರಿಯುವ ನೀರಿನ ಆಚೆ ಅಷ್ಟೂ ಮುಷ್ಟಿಗಳು ಒಟ್ಟಿಗೆ ತೆರೆದುಕೊಂಡವು.